ಕ್ರಿಕೆಟ್ಟಿನ ಒಡೆತನ

ಕ್ರಿಕೆಟ್ಟಿನ ಕಟ್ಟಳೆಗಳನ್ನು ಮಾಡತಕ್ಕವರು ಯಾರು, ಅದರಿಂದ ಬರುವ ಹಣವನ್ನು ಹಂಚತಕ್ಕವರು ಯಾರು ಎಂಬ ಪ್ರಶ್ನೆಯು ಆಟಗಾರರಿಗೂ ಪಂದ್ಯ ನೋಡಿ ಹೊತ್ತು ಕಳೆಯುವವರಿಗೂ ಮಾತ್ರ ಸೇರಿದ್ದೆಂದು ಎಣಿಸುವವರು ನಮ್ಮಲ್ಲಿ ಬಹು ಮಂದಿ ಇದ್ದಾರೆ. ನಮ್ಮ ಅಭಿಪ್ರಾಯವು ಹಾಗಲ್ಲ. ತನಗೆ ಸಂಬಂಧಿಸಿದ ನಿರ್ಣಯವು ತನ್ನ ಮಾತಿಲ್ಲದೆ ದೂರದ ಊರಿನಲ್ಲಿ ಆಗುವುದೆಂದರೆ ಏನೆಂಬುದನ್ನು ಯಾದಗಿರಿ, ಶಹಾಪುರ, ಸುರಪುರದ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದಿತು. ಈಚಿನ ವರ್ಷಗಳಲ್ಲಿ ಕಡೇಚೂರು ಬಾಡಿಯಾಳಗಳ ರೈತರು ತಮ್ಮ ಹೊಲಗಳು ಕೈಗಾರಿಕಾ ಪ್ರದೇಶವಾದುದನ್ನು ಕಂಡಿದ್ದಾರೆ. ಆದುದರಿಂದ ಈ ಪ್ರಶ್ನೆಯನ್ನು ಇಲ್ಲಿ ನಿಂತು ನೋಡುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.

ಪೂರ್ವವೃತ್ತಾಂತವನ್ನು ಮೊದಲು ನೆನೆಯೋಣ. 1909ರಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳು ಲಾರ್ಡ್ಸ್ ಮೈದಾನದಲ್ಲಿ ಕೂಡಿ ಸ್ಥಾಪಿಸಿಕೊಂಡ ಸಂಸ್ಥೆಗೆ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಎಂದು ಹೆಸರು. ಹೆಸರೇ ಅದರ ಸ್ವಭಾವವನ್ನು ಸಾರುತ್ತಿದ್ದಿತು. 1926ರಲ್ಲಿ ಭಾರತಕ್ಕೆ ಅದರಲ್ಲಿ ಸ್ಥಾನ ದೊರೆಯಿತು; ಆದರೆ ಸ್ಥಾನ ಬೇರೆ, ಸಮಾನತೆ ಬೇರೆ. 1965ರಲ್ಲಿ ಸಾಮ್ರಾಜ್ಯದ ಹೆಸರು ಅಳಿಸಿಹೋಯಿತು; ಸಾಮ್ರಾಜ್ಯದ ಹಕ್ಕು ಮಾತ್ರ ಅಳಿಯಲಿಲ್ಲ. ಉಳಿದವರೆಲ್ಲರೂ ಕೂಡಿ ಮಾಡಿದ ನಿರ್ಣಯವನ್ನು ಒಬ್ಬರೇ ತಡೆಯಬಲ್ಲ ನಿಷೇಧಾಧಿಕಾರವು 1993ರ ವರೆಗೂ ಇಂಗ್ಲೆಂಡ್ ಆಸ್ಟ್ರೇಲಿಯಾಗಳ ಕೈಯಲ್ಲಿಯೇ ಇದ್ದಿತು. ದೇಶವು ಸ್ವತಂತ್ರವಾಗಿ ನಾಲ್ವತ್ತಾರು ವರ್ಷಗಳಾದ ಮೇಲೆಯೂ ಆಟದಲ್ಲಿ ನಾವು ಎರಡನೆಯ ದರ್ಜೆಯ ಪ್ರಜೆಗಳಾಗಿದ್ದೆವೆಂಬ ಸಂಗತಿಯನ್ನು ಇಂದಿನ ತರುಣರು ಅರಿತಿರಬೇಕು.

ಆ ಕಾಲವು ಹೋಯಿತು. 2005ರಲ್ಲಿ ಅಂತಾರಾಷ್ಟ್ರೀಯ ಮಂಡಲಿಯ ಕಚೇರಿಯು ಲಾರ್ಡ್ಸಿನಿಂದ ದುಬೈಗೆ ಬಂದಿತು. ಆಟದ ಹಣದ ಬಹುಭಾಗವು ಈಗ ಭಾರತದಲ್ಲಿ ಪಂದ್ಯ ನೋಡುವವರಿಂದ ಹುಟ್ಟುತ್ತದೆ. ಹಣವಿದ್ದ ಕಡೆ ಅಧಿಕಾರವು ತಾನಾಗಿಯೇ ಹೋಗುತ್ತದೆ. ಇದರಲ್ಲಿ ನಮಗೆ ಹರ್ಷವೇ ಹೊರತು ವಿಷಾದವಿಲ್ಲ. ಆದರೆ ಆ ಅಧಿಕಾರದಿಂದ ನಾವು ಮಾಡಿದುದೇನು? 2012ರಲ್ಲಿ ಲಾರ್ಡ್ ವೂಲ್ಫ್ ಎಂಬ ನ್ಯಾಯವೇತ್ತರು ಮಂಡಲಿಯಲ್ಲಿ ಸ್ವತಂತ್ರ ನಿರ್ದೇಶಕರಿರಬೇಕೆಂದು ಸಲಹೆಯಿತ್ತಾಗ ಭಾರತದ ಕ್ರಿಕೆಟ್ ನಿಯಂತ್ರಣ ಮಂಡಲಿಯು ಅದನ್ನು ತಿರಸ್ಕರಿಸಿತು. 2014ರಲ್ಲಿ ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ ಈ ಮೂವರು ಕೂಡಿ ಅಧಿಕಾರವನ್ನೂ ಆದಾಯವನ್ನೂ ತಮ್ಮ ಕಡೆಗೆ ಎಳೆದುಕೊಂಡರು. 2017ರಲ್ಲಿ ಆ ಏರ್ಪಾಡು ಸಡಿಲವಾಯಿತು. 2023ರಲ್ಲಿ ಪ್ರಕಟವಾದ ವರದಿಗಳ ಪ್ರಕಾರ, 2024ರಿಂದ 2027ರ ವರೆಗಿನ ಹಂಚಿಕೆಯಲ್ಲಿ ಭಾರತಕ್ಕೆ ನೂರಕ್ಕೆ 38.5 ಭಾಗ, ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ತಲಾ 7ಕ್ಕಿಂತ ಕಡಿಮೆ, ತೊಂಬತ್ತಕ್ಕೂ ಮಿಕ್ಕ ಸಹಸದಸ್ಯ ದೇಶಗಳೆಲ್ಲಕ್ಕೂ ಕೂಡಿ ಸುಮಾರು 11. ಮಂಡಲಿಯ ಆಡಳಿತ ಸಭೆಯಲ್ಲಿ ಹನ್ನೆರಡು ಪೂರ್ಣ ಸದಸ್ಯರಿಗೆ ತಲೆಗೊಂದು ಸ್ಥಾನ. ಈ ತೊಂಬತ್ತಕ್ಕೂ ಮಿಕ್ಕ ದೇಶಗಳಿಗೆ ಒಟ್ಟಿಗೆ ಮೂರು.

ಹುಟ್ಟಿಸಿದವನು ಉಣ್ಣುವುದರಲ್ಲಿ ತಪ್ಪೇನೆಂದು ಕೆಲವು ಮಿತ್ರರು ಕೇಳುತ್ತಾರೆ. ಅವರಿಗೆ ನಮ್ಮ ಉತ್ತರವು ನಮ್ಮ ಸೀಮೆಯಲ್ಲಿಯೇ ಇದೆ. ಕರ್ನಾಟಕದ ತೆರಿಗೆಯ ಹಣವನ್ನು ಹುಟ್ಟಿಸಿದವರಿಗೇ ಹಂಚುವುದಾದರೆ ಬೆಂಗಳೂರಿಗೆ ಸಾಗರ, ಯಾದಗಿರಿಗೆ ಹನಿ. ಪ್ರಾದೇಶಿಕ ಅಸಮತೆಯನ್ನು ವಿಚಾರಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳನ್ನು ಎಣಿಸಿದಾಗ 21 ಗುಲ್ಬರ್ಗಾ ವಿಭಾಗದಲ್ಲಿಯೇ ದೊರೆತವು. ಹತ್ತು ವರ್ಷಗಳ ತರುವಾಯ, 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ರಾಜ್ಯಾಂಗದಲ್ಲಿ 371ಜೆ ವಿಧಿಯು ಸೇರಿತು. ಹಿಂದೆ ಬಿದ್ದವನಿಗೆ ಅವನ ಗಳಿಕೆಯನ್ನು ಅಳೆಯದೆ ಅವನ ಅಗತ್ಯವನ್ನು ಅಳೆದು ಕೊಡತಕ್ಕದ್ದು ಎಂಬುದೇ ಅದರ ಸಾರ. ಈ ತತ್ತ್ವವನ್ನು ಬೆಂಗಳೂರಿನ ಮುಂದೆ ಹಕ್ಕೆಂದು ಕೇಳಿದ ನಾವು, ದುಬೈಯಲ್ಲಿ ನೇಪಾಳವೋ ನಮೀಬಿಯವೋ ಅದನ್ನೇ ಕೇಳಿದಾಗ ಭಿಕ್ಷೆಯೆಂದು ಹೇಗೆ ಹೇಳಬಲ್ಲೆವು?

ಇದು ಕೇವಲ ಧರ್ಮದ ಮಾತಲ್ಲ, ಲೆಕ್ಕದ ಮಾತೂ ಹೌದು. ಗರಡಿಯಲ್ಲಿ ಒಬ್ಬನೇ ಹಾಲು ಕುಡಿದು ಉಳಿದವರು ಉಪವಾಸವಿದ್ದರೆ ಜಾತ್ರೆಯ ದಿನ ಕುಸ್ತಿ ಯಾರೊಡನೆ? 1975ರಲ್ಲಿಯೂ 1979ರಲ್ಲಿಯೂ ವಿಶ್ವಕಪ್ಪನ್ನು ಗೆದ್ದ ವೆಸ್ಟ್ ಇಂಡೀಸ್ ತಂಡವು 2023ರಲ್ಲಿ ಭಾರತದಲ್ಲಿ ನಡೆದ ವಿಶ್ವಕಪ್ಪಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಅದಕ್ಕೆ ಆ ದ್ವೀಪಗಳ ಆಂತರಿಕ ಕಾರಣಗಳೂ ಇವೆ, ಒಪ್ಪಿದೆವು. ಆದರೂ ಜಟ್ಟಿಗಳು ಬಡವಾದಂತೆ ಕಣವನ್ನು ಕಿರಿದು ಮಾಡುತ್ತ ಬಂದರೆ ಕಡೆಗೆ ನೋಡುವವರೂ ಮನೆಗೆ ಹೋಗುತ್ತಾರೆ. 2007ರ ವಿಶ್ವಕಪ್ಪಿನಲ್ಲಿ ಹದಿನಾರು ತಂಡಗಳಿದ್ದವು. 2019ರಲ್ಲಿಯೂ 2023ರಲ್ಲಿಯೂ ಹತ್ತೇ. 2027ಕ್ಕೆ ಹದಿನಾಲ್ಕು ತಂಡಗಳೆಂದು ನಿಶ್ಚಯಿಸಿರುವುದು ತಡವಾಗಿ ಬಂದ ವಿವೇಕ.

ಇನ್ನು ಕಟ್ಟಳೆಗಳ ವಿಚಾರ. ಆಟದ ಮೂಲ ಶಾಸನಗಳು ಇಂದಿಗೂ ಲಂಡನ್ನಿನ ಮೆರಿಲಬಾನ್ ಕ್ರಿಕೆಟ್ ಕ್ಲಬ್ಬಿನ ವಶದಲ್ಲಿವೆ. ಅಂತಾರಾಷ್ಟ್ರೀಯ ಪಂದ್ಯಗಳ ನಿಬಂಧನೆಗಳನ್ನು ದುಬೈಯ ಮಂಡಲಿಯು ಮಾಡುತ್ತದೆ. ಒಂದು ದಿನದ ಪಂದ್ಯದಲ್ಲಿ ಎರಡು ತುದಿಗೂ ಒಂದೊಂದು ಹೊಸ ಚೆಂಡೆಂಬ ನಿಬಂಧನೆಯು 2011ರಲ್ಲಿ ಬಂದು ಚೆಂಡೆಸೆಯುವವರ ಕೈಕಟ್ಟಿತು. ಸವೆದ ಚೆಂಡಿನ ಕುಶಲತೆಯು ಮಾಯವಾಯಿತು. 2025ರಲ್ಲಿ, ಮೂವತ್ತನಾಲ್ಕು ಓವರುಗಳಾದ ಮೇಲೆ ಒಂದೇ ಚೆಂಡೆಂದು ತಿದ್ದಿದರು. ತಿದ್ದಿದುದು ಒಳ್ಳೆಯದೇ, ತಿದ್ದಲು ಹದಿನಾಲ್ಕು ವರ್ಷಗಳು ಬೇಕಾದುವಲ್ಲ ಎಂಬುದೇ ನಮ್ಮ ಕೊರಗು.

ಇದಕ್ಕಿಂತ ದೊಡ್ಡ ಪಾಠವು ಅಂಪೈರರ ತೀರ್ಪಿನ ಮೇಲ್ಮನವಿಯ ಪದ್ಧತಿಯಲ್ಲಿದೆ. 2008ರ ಜನವರಿಯಲ್ಲಿ ಸಿಡ್ನಿಯ ಟೆಸ್ಟಿನಲ್ಲಿ ತೀರ್ಪುಗಳು ನಮಗೆ ಅನ್ಯಾಯ ಮಾಡಿದುವೆಂಬುದು ನಿಜ. ಆಗ ನಮ್ಮ ಮಂಡಲಿಯು ಬಲ ಪ್ರಯೋಗಿಸಿತು. ಮುಂದಿನ ಟೆಸ್ಟಿನಿಂದ ಅಂಪೈರ್ ಬಕ್ನರರನ್ನು ಕೈಬಿಡಲಾಯಿತು. ಅದೇ ವರ್ಷ ಶ್ರೀಲಂಕೆಯಲ್ಲಿ ಮೇಲ್ಮನವಿಯ ಪದ್ಧತಿಯನ್ನು ಟೆಸ್ಟಿನಲ್ಲಿ ಮೊದಲ ಬಾರಿಗೆ ಪರೀಕ್ಷಿಸಿದಾಗ ನಮ್ಮ ಮೇಲ್ಮನವಿಗಳು ಬಹುತೇಕ ಬಿದ್ದುಹೋದವು. ಆ ಬಳಿಕ ನಮ್ಮ ಮಂಡಲಿಯು ಈ ಪದ್ಧತಿಯೇ ಬೇಡವೆಂದಿತು. ಯಂತ್ರದ ಲೆಕ್ಕದಲ್ಲಿ ಸಂಶಯವಿದ್ದುದು ಸಹಜವೇ. ಆದರೆ ಪ್ರಪಂಚಕ್ಕೆ ಒಂದು ಕಟ್ಟಳೆ, ಭಾರತದ ಎದುರು ಆಡುವವರಿಗೆ ಇನ್ನೊಂದು ಎಂಬ ಸ್ಥಿತಿಯು ಹಲವು ವರ್ಷ ನಡೆದುದು ನ್ಯಾಯವಲ್ಲ. ನಮ್ಮೂರುಗಳಲ್ಲಿ ಬ್ಯಾಟು ತಂದ ಹುಡುಗನು ಔಟಾದರೆ ಬ್ಯಾಟನ್ನು ಬಗಲಿಗೇರಿಸಿ ಮನೆಗೆ ಹೊರಡುತ್ತಾನೆ. ಅವನನ್ನು ಯಾರೂ ದೊಡ್ಡ ಆಟಗಾರನೆನ್ನುವುದಿಲ್ಲ.

ಆ ಗಂಟನ್ನು ಬಿಡಿಸುವುದರಲ್ಲಿ ಕನ್ನಡಿಗರೊಬ್ಬರ ಪಾಲಿರುವುದು ನಮಗೆ ಹೆಮ್ಮೆ. ಕಾಸರಗೋಡು ಸೀಮೆಯ ಕುಂಬಳೆಯ ಹೆಸರನ್ನು ಹೊತ್ತ ಶ್ರೀ ಅನಿಲ್ ಕುಂಬ್ಳೆಯವರು ಸಿಡ್ನಿಯಲ್ಲಿಯೂ ಶ್ರೀಲಂಕೆಯಲ್ಲಿಯೂ ನಮ್ಮ ನಾಯಕರು. 2012ರಿಂದ 2021ರ ವರೆಗೆ ಅವರು ಅಂತಾರಾಷ್ಟ್ರೀಯ ಮಂಡಲಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದರು. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಎದುರು ಭಾರತವು ಈ ಪದ್ಧತಿಯನ್ನು ಒಪ್ಪಿ ಆಡಿದಾಗ ತಂಡದ ಶಿಕ್ಷಕರೂ ಅವರೇ. ಆಡಿ ನೊಂದವನು ಅಳೆದು ತೂಗಿ ಕಟ್ಟಳೆ ಮಾಡಿದರೆ ಅದಕ್ಕೆ ತೂಕವುಂಟು. ಪ್ರಸಾರದ ಹಕ್ಕನ್ನು ಮಾರುವವರು ಮಾಡಿದ ಕಟ್ಟಳೆಗೆ ಬೆಲೆ ಮಾತ್ರ ಉಂಟು.

ಬಲವನ್ನು ಹೇಗೆ ಬಳಸಬೇಕೆಂಬುದಕ್ಕೆ ಇನ್ನೊಬ್ಬ ಕನ್ನಡಿಗರ ನಿದರ್ಶನವಿದೆ. 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಮ್ಮ ಮಂಡಲಿಯ ಸುವರ್ಣೋತ್ಸವದ ಟೆಸ್ಟ್. ಇಂಗ್ಲೆಂಡ್ 58 ಓಟಗಳಿಗೆ ಐದು ವಿಕೆಟ್ಟುಗಳನ್ನು ಕಳೆದುಕೊಂಡಿದ್ದಿತು. ಅನಂತರ ಬಂದು ಆಡುತ್ತಿದ್ದ ಬಾಬ್ ಟೇಲರರನ್ನು ಅಂಪೈರರು ಔಟೆಂದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ನಾಯಕ, ಭದ್ರಾವತಿಯ ಶ್ರೀ ಜಿ. ಆರ್. ವಿಶ್ವನಾಥರು, ಅವರನ್ನು ಹಿಂದಕ್ಕೆ ಕರೆದರು. ಆ ಜೊತೆಯಾಟವು 171 ಓಟಗಳಿಗೆ ಬೆಳೆಯಿತು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ಆ ಸೋಲನ್ನು ಇಂದು ಯಾರೂ ಅಪಮಾನವೆಂದು ನೆನೆಯುವುದಿಲ್ಲ. ದೇಶಾಭಿಮಾನವೆಂದರೆ ಗೆಲುವಿನ ಲೆಕ್ಕವೊಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ?

2024ರ ಡಿಸೆಂಬರ್ 1ರಂದು ನಮ್ಮ ಮಂಡಲಿಯ ಕಾರ್ಯದರ್ಶಿಗಳಾಗಿದ್ದ ಶ್ರೀ ಜಯ್ ಶಾ ಅವರು ಅಂತಾರಾಷ್ಟ್ರೀಯ ಮಂಡಲಿಯ ಅಧ್ಯಕ್ಷಪದವನ್ನು ವಹಿಸಿಕೊಂಡರು. ಆ ಪೀಠದಲ್ಲಿ ಭಾರತೀಯರು ಕುಳಿತಿರುವಾಗ ಹೊಣೆಯು ಇಮ್ಮಡಿ. ಹಂಚಿಕೆಯನ್ನು ಮುಂದೆ ಪುನಃ ನಿಶ್ಚಯಿಸುವಾಗ ನಮ್ಮ ಭಾಗದಲ್ಲಿ ಒಂದಂಶವನ್ನು ನಾವಾಗಿಯೇ ಬಿಟ್ಟುಕೊಡಬೇಕು. ಸಹಸದಸ್ಯರಿಗೆ ಆಡಳಿತ ಸಭೆಯಲ್ಲಿ ಹೆಚ್ಚು ಸ್ಥಾನಗಳು ದೊರೆಯಬೇಕು. ಯಾವ ನಿಬಂಧನೆಯಾದರೂ ಎಲ್ಲರಿಗೂ ಒಂದೇ ದಿನ ಒಂದೇ ರೀತಿಯಾಗಿ ಅನ್ವಯಿಸಬೇಕು. ನಮಗೆ ಉಳಿದ ಹಣವೂ ಮಹಾನಗರಗಳ ಕ್ರೀಡಾಂಗಣಗಳಲ್ಲಿಯೇ ನಿಲ್ಲದೆ ರಾಜ್ಯ ಸಂಸ್ಥೆಯ ರಾಯಚೂರು ವಲಯಕ್ಕೂ, ಅಲ್ಲಿಂದ ಕಡೇಚೂರಿನ ಶಾಲೆಯ ಬಯಲಿಗೂ ಇಳಿದು ಬರಬೇಕು.

ಒಂದು ಕಾಲದಲ್ಲಿ ಪರರ ನಿಷೇಧಾಧಿಕಾರವನ್ನು ಅನ್ಯಾಯವೆಂದವರು ನಾವು. ಅದೇ ಅಧಿಕಾರವು ಹಣದ ರೂಪದಲ್ಲಿ ನಮ್ಮ ಕೈಗೆ ಬಂದಾಗ ಅದನ್ನು ನ್ಯಾಯವೆಂದು ಕರೆದರೆ, ನಾವು ಬೇಡಿದುದು ಸಮಾನತೆಯನ್ನಲ್ಲ, ಸರದಿಯನ್ನು ಎಂದಾಗುವುದು. ಭಾರತಕ್ಕೆ ಆ ಅಪಕೀರ್ತಿ ಬರಬಾರದು.