ಎಂಟ್ರಿ ಹಾಕಿದವರೇ ವೋಚರ್ ತೋರಿಸ್ಬೇಕು (ಬಿಗ್ ಡೇಟಾ ಸರಣಿ, ಭಾಗ 4)

ಕ್ಯಾಪ್ಶನ್ ಉದ್ದ ಇದೆ. ಲೈಕ್ ಒತ್ತಿ ಮುಂದೆ ಹೋಗೋರು ಹೋಗಿ, ಬೇಜಾರಿಲ್ಲ. ಓದೋರು ಆರಾಮಾಗಿ ಕೂತ್ಕೊಳ್ಳಿ.

ನಮ್ಮ ಯೂನಿವರ್ಸಿಟೀಲಿ ನಡೀತಿರೋ ಬಿಗ್ ಡೇಟಾ ಮತ್ತು ಸಮಾಜದ ಉಪನ್ಯಾಸ ಮಾಲೆ ಬಗ್ಗೆ ಇದು ನಾಲ್ಕನೇ ಪೋಸ್ಟ್. ಹಿಂದಿನ ಮೂರಕ್ಕೂ ಒಂದು ಕಾಮೆಂಟ್ ತಪ್ಪದೆ ಬಂದಿದೆ: "ನೀನು ಬಿಕಾಂ, ನಿನಗ್ಯಾಕೆ ಇದೆಲ್ಲ?" ಹಾಲ್‌ನಲ್ಲೂ ಅದೇ ಲೆಕ್ಕ. ಮುಂದಿನ ಸಾಲು ಬಿಸಿಎ, ಎಂಜಿನಿಯರಿಂಗ್‌ನವರಿಗೆ. ಕಾಮರ್ಸ್‌ನವರು ಹಿಂದೆ, ಅಟೆಂಡೆನ್ಸ್‌ಗೋಸ್ಕರ. ನನ್ನ ಅಭಿಪ್ರಾಯ ಕೇಳಿದ್ರೆ, ಈ ಮಾಲೆ ಯಾರಿಗಾದರೂ ಕಡ್ಡಾಯ ಆಗ್ಬೇಕಿದ್ರೆ ಅದು ನಮಗೆ. ಯಾಕೆ ಅಂತ ಹೇಳೋಕೆ ಈ ವಾರದ ಉಪನ್ಯಾಸದಲ್ಲಿ ಬಂದ ಆಸ್ಟ್ರೇಲಿಯಾದ ಉದಾಹರಣೆ ಸಾಕು.

ಹೆಸರು ರೋಬೋಡೆಟ್. ಅದು ಜನ ಇಟ್ಟ ಅಡ್ಡಹೆಸರು. ಕೆಲಸ ಇಲ್ಲದವರಿಗೆ, ವಿದ್ಯಾರ್ಥಿಗಳಿಗೆ ಅಲ್ಲಿನ ಸರ್ಕಾರ ಎರಡು ವಾರಕ್ಕೊಮ್ಮೆ ಭತ್ಯೆ ಕೊಡುತ್ತೆ. ಆ ಎರಡು ವಾರದಲ್ಲಿ ನೀವು ಎಷ್ಟು ದುಡಿದಿರಿ ಅನ್ನೋದರ ಮೇಲೆ ಭತ್ಯೆ ಎಷ್ಟು ಅಂತ ನಿರ್ಧಾರ. 2016ರಲ್ಲಿ ಸರ್ಕಾರ ದೊಡ್ಡ ಮಟ್ಟದಲ್ಲಿ ಒಂದು ವ್ಯವಸ್ಥೆ ಶುರು ಮಾಡ್ತು. ತೆರಿಗೆ ಇಲಾಖೆ ಹತ್ರ ಇರೋ ವರ್ಷದ ಆದಾಯ ತಗೊಳ್ಳೋದು, 26ರಿಂದ ಭಾಗಿಸೋದು, ಭತ್ಯೆಯ ದಾಖಲೆ ಜೊತೆ ಹೋಲಿಸೋದು, ವ್ಯತ್ಯಾಸ ಕಂಡ್ರೆ ವಿವರಣೆ ಕೇಳಿ ಪತ್ರ ಕಳಿಸೋದು.

ಈಗ ಪೆನ್ನು ತಗೊಳ್ಳಿ. ಒಬ್ಬ ಹುಡುಗ ಹತ್ತು ಹದಿನೈದು-ದಿನಗಳ ಅವಧಿ ಕೆಲಸ ಮಾಡಿದ, ಪ್ರತಿ ಅವಧಿಗೆ 1,300 ಡಾಲರ್. ಒಟ್ಟು 13,000. ಉಳಿದ 16 ಅವಧಿ ಕೆಲಸ ಇಲ್ಲ, ಆಗ ಮಾತ್ರ ಭತ್ಯೆ ತಗೊಂಡ. ತಪ್ಪಿದೆಯಾ? ಇಲ್ಲ. ಆದರೆ 13,000 ಭಾಗಿಸು 26 ಅಂದ್ರೆ 500. ಕಂಪ್ಯೂಟರ್ ಪ್ರಕಾರ ಇವನು ವರ್ಷಪೂರ್ತಿ 500 ದುಡೀತಾ, ಅದನ್ನ ಮುಚ್ಚಿಟ್ಟು ಭತ್ಯೆ ತಿಂದ. ತಂದು ಕಟ್ಟು.

ಇಲ್ಲಿ ಎಐ ಎಲ್ಲಿದೆ? ಎಲ್ಲೂ ಇಲ್ಲ. ಇದು ನಾವು ಮೊದಲ ಸೆಮಿಸ್ಟರ್‌ನ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಕಲಿತ ಸರಾಸರಿ. ಸರಾಸರಿ ಅನ್ನೋದು ಗುಂಪಿನ ಬಗ್ಗೆ ಹೇಳುತ್ತೆ, ನಿರ್ದಿಷ್ಟ ಒಂದು ವಾರದ ಬಗ್ಗೆ ಏನೂ ಹೇಳಲ್ಲ ಅಂತ ನಮ್ಮ ಮೇಡಂ ಬೋರ್ಡ್ ಮೇಲೆ ಬರೆದಿದ್ರು.

ಆದರೆ ನನಗೆ ಕೋಪ ಬಂದಿದ್ದು ಭಾಗಾಕಾರಕ್ಕಲ್ಲ, ಆಮೇಲೆ ಆಗಿದ್ದಕ್ಕೆ. ಪತ್ರ ಬಂದವರೇ ಐದಾರು ವರ್ಷ ಹಳೇ ಸಂಬಳದ ಚೀಟಿ ತಂದು "ನಾನು ಸಾಲಗಾರ ಅಲ್ಲ" ಅಂತ ಸಾಬೀತು ಮಾಡ್ಬೇಕಿತ್ತು. ಕೆಲಸ ಮಾಡಿದ ಹೋಟೆಲ್ಲೇ ಮುಚ್ಚಿರುತ್ತೆ, ಚೀಟಿ ಎಲ್ಲಿಂದ ತರೋದು? ಆಡಿಟಿಂಗ್ ಪೇಪರ್ ಓದಿದ ಯಾರನ್ನಾದರೂ ಕೇಳಿ. ಲೆಕ್ಕದಲ್ಲಿ ಎಂಟ್ರಿ ಹಾಕಿದವರ ಹತ್ರ ವೋಚರ್ ಇರ್ಬೇಕು. ವೋಚರ್ ಇಲ್ಲದ ಎಂಟ್ರಿಯನ್ನ ಆಡಿಟರ್ ಹಾಗೇ ಬಿಡಲ್ಲ. ಇಲ್ಲಿ ಸರ್ಕಾರ ವೋಚರ್ ಇಲ್ಲದೆ ಎಂಟ್ರಿ ಹಾಕಿ, ವೋಚರ್ ನೀನು ತಾ ಅಂತು.

4 ಲಕ್ಷಕ್ಕೂ ಹೆಚ್ಚು ಜನರ ಮೇಲೆ, ಒಟ್ಟು 170 ಕೋಟಿ ಡಾಲರಿಗೂ ಮೀರಿದ ಸುಳ್ಳು ಸಾಲ. 2019ರ ನವೆಂಬರ್‌ನಲ್ಲಿ ಫೆಡರಲ್ ಕೋರ್ಟಲ್ಲಿ ಇದಕ್ಕೆ ಕಾನೂನಿನ ಆಧಾರ ಇಲ್ಲ ಅಂತಾಯ್ತು. ಮುಂದಿನ ವರ್ಷ ಸರ್ಕಾರ 72.1 ಕೋಟಿ ಡಾಲರ್ ವಾಪಸ್ ಕೊಡ್ತೀವಿ ಅಂತು. ಆಮೇಲೆ ಕೂತ ರಾಯಲ್ ಕಮಿಷನ್ 2023ರ ಜುಲೈನಲ್ಲಿ ವರದಿ ಕೊಡ್ತು. ಸಾಲದ ಪತ್ರ ಬಂದಮೇಲೆ ಜೀವ ಕಳ್ಕೊಂಡ ಹುಡುಗರ ಅಮ್ಮಂದಿರು ಆ ಕಮಿಷನ್ ಮುಂದೆ ಕೂತು ಮಾತಾಡಿದ್ರು. ಹಾಲ್‌ನಲ್ಲಿ ಇದನ್ನ ಹೇಳಿದಾಗ ಹಿಂದಿನ ಸಾಲಿನವರೂ ಫೋನ್ ಕೆಳಗಿಟ್ರು.

"ಅದು ಅಲ್ಲಿ, ನಮಗೇನು" ಅಂತೀರಾ? 2024ರ ನವೆಂಬರ್ ನೆನಪಿಸ್ಕೊಳ್ಳಿ. ನಮ್ಮಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ, ಕೆಲವು ಎಪಿಎಲ್ ಆಗಿ, ಎಷ್ಟು ಗಲಾಟೆ ಆಯ್ತು. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟೋರನ್ನ ಬಿಟ್ಟು ಉಳಿದವರಿಗೆ ಕಾರ್ಡ್ ವಾಪಸ್ ಕೊಡಿ ಅಂತ ಮುಖ್ಯಮಂತ್ರಿಗಳೇ ಹೇಳ್ಬೇಕಾಯ್ತು.

ತೆರಿಗೆ ಕಟ್ಟೋರು ಅಂದ್ರೆ ಯಾರು ಅನ್ನೋದೇ ಬಿಕಾಂ ಪ್ರಶ್ನೆ. ರಿಟರ್ನ್ ಸಲ್ಲಿಸೋದು ಬೇರೆ, ತೆರಿಗೆ ಕಟ್ಟೋದು ಬೇರೆ. ಆಟೋಗೆ ಸಾಲ ಬೇಕಂದ್ರೆ ಬ್ಯಾಂಕಿನವರು ಐಟಿಆರ್ ಕೇಳ್ತಾರೆ. ಟಿಡಿಎಸ್ ಕಟ್ ಆಗಿದ್ರೆ ವಾಪಸ್ ತಗೊಳ್ಳೋಕೂ ಐಟಿಆರ್ ಹಾಕ್ಬೇಕು. ತೆರಿಗೆ ಸೊನ್ನೆ, ಆದರೂ ಪಟ್ಟಿಯಲ್ಲಿ ಹೆಸರು. ಎರಡು ಪಟ್ಟಿ ಹೊಂದಿಸೋ ಪ್ರೋಗ್ರಾಂ ಬರೆಯೋರು ಈ ಎರಡನ್ನ ಒಂದೇ ಕಾಲಂ ಅಂದ್ಕೊಂಡ್ರೆ ಮುಗೀತು. (ಸಾಲ ಸಿಗಲಿ ಅಂತ ರಿಟರ್ನ್‌ನಲ್ಲಿ ಆದಾಯ ಏರಿಸಿ ತೋರಿಸಿ, ರೇಷನ್‌ಗೆ ಇಳಿಸಿ ತೋರಿಸೋರೂ ಇದ್ದಾರೆ, ಗೊತ್ತು. ಅವರ ಪರ ವಾದ ಮಾಡ್ತಿಲ್ಲ.)

ಡೇಟಾ ಹೊಂದಿಸ್ಲೇಬಾರದು ಅಂತಾನೂ ನಾನು ಹೇಳ್ತಿಲ್ಲ. ಕಾರಿಟ್ಕೊಂಡು ಬಿಪಿಎಲ್ ಅಕ್ಕಿ ತಗೊಳ್ಳೋರನ್ನ ಹಿಡೀಲಿ, ಸಂತೋಷ. ಆದರೆ ಕಂಪ್ಯೂಟರ್ ಕೊಡೋದು ಅನುಮಾನ, ತೀರ್ಪಲ್ಲ. ಆ ಅನುಮಾನ ಹಿಡ್ಕೊಂಡು ಮೊದಲು ಇಲಾಖೆ ಮನೆ ಬಾಗಿಲಿಗೆ ಬರ್ಲಿ, ಯಾವ ದಾಖಲೆ, ಯಾವ ವರ್ಷದ್ದು ಅಂತ ಕನ್ನಡದಲ್ಲಿ ಬರೆದು ಕೊಡ್ಲಿ, ಉತ್ತರ ಬರೋತನಕ ಅಕ್ಕಿ ನಿಲ್ಲಿಸದೇ ಇರ್ಲಿ. ದಿನಗೂಲಿ ಬಿಟ್ಟು ಕಚೇರಿ ಸುತ್ತೋ ಖರ್ಚು ಯಾವ ಡೇಟಾಬೇಸಲ್ಲೂ ಎಂಟ್ರಿ ಆಗಲ್ಲ.

ಈ ಮಾಲೆ ಬಗ್ಗೆ ನನ್ನ ತಕರಾರು ಒಂದೇ. ನಾಲ್ಕು ವಾರದಲ್ಲಿ ಬಂದವರೆಲ್ಲ ಪ್ರೋಗ್ರಾಂ ಬರೆಯೋರು, ಇಲ್ಲ ಅದರ ಬಗ್ಗೆ ಪೇಪರ್ ಬರೆಯೋರು. ಒಬ್ಬ ಆಡಿಟರ್ ಇಲ್ಲ, ಒಬ್ಬ ನ್ಯಾಯಬೆಲೆ ಅಂಗಡಿಯವರಿಲ್ಲ, ಕಾರ್ಡ್ ಹೋದ ಒಬ್ಬರೂ ಇಲ್ಲ. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಇದನ್ನೇ ಬರೆದಿದ್ದೀನಿ.

ಮುಂದಿನ ಗುರುವಾರ ಮಧ್ಯಾಹ್ನ ಐದನೇ ಉಪನ್ಯಾಸ, ವಿಷಯ ಸಾಲದ ಆ್ಯಪ್‌ಗಳು. ಕಾಮರ್ಸ್‌ನವರೇ, ಈ ಸಲ ಎರಡನೇ ಸಾಲಲ್ಲಿ ಕೂರೋಣ, ಜಾಗ ಹಿಡಿದಿರ್ತೀನಿ. ನಿಮ್ಮನೇಲಿ ಯಾರದಾದರೂ ಕಾರ್ಡ್ ಹೋಗಿದ್ರೆ, ಏನು ಕಾರಣ ಕೊಟ್ರು ಅಂತ ಮೆಸೇಜ್ ಮಾಡಿ. ಹೆಸರು ಎಲ್ಲೂ ಹಾಕಲ್ಲ.