ದನದ ಆಸ್ಪತ್ರೆಯಲ್ಲಿ ಬೆಕ್ಕಿಗೂ ಒಂದು ದಿನ ಕೊಡಿ

ಹೊಸಪೇಟೆ ಮೇನ್ ಬಜಾರಿನಲ್ಲಿ ಬೆಕ್ಕಿಲ್ಲದ ಕಿರಾಣಿ ಅಂಗಡಿ ಎಷ್ಟಿವೆ, ಯಾರಾದರೂ ಎಣಿಸಿ ಹೇಳಲಿ. ಕಂಪ್ಲಿಯ ಅಕ್ಕಿ ಗಿರಣಿ, ಸಂಡೂರಿನ ಕಾಳಿನ ಅಂಗಡಿ, ಹಂಪಿ ಜನತಾ ಪ್ಲಾಟಿನ ಊಟದ ಹೋಟೆಲು, ಎಲ್ಲಿ ನೋಡಿದರೂ ಇದೇ ಕಥೆ. ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಸಂಬಳ ಇಲ್ಲ, ರಜೆ ಇಲ್ಲ, ದೀಪಾವಳಿಗೆ ಬೋನಸ್ಸೂ ಕೇಳುವುದಿಲ್ಲ. ಒಂದು ಬಟ್ಟಲು ಹಾಲನ್ನಕ್ಕೆ ರಾತ್ರಿಪಾಳಿ ಮಾಡುವ ಈ ನೌಕರನಿಗೆ ಯಜಮಾನರು ಒಂದಾದರೂ ಲಸಿಕೆ ಹಾಕಿಸಿದ್ದಾರೆಯೇ? ಕೇಳಿದರೆ ನಗುತ್ತಾರೆ.

"ಬೆಕ್ಕಿಗೆ ಎಂಥಾ ಇಂಜೆಕ್ಷನ್ ಸಾರ್? ಅದು ಅಂಗಡಿ ಬಿಟ್ಟು ಆಚೆ ಹೋಗಂಗಿಲ್ಲ."

ನಗುವ ಮಾತಲ್ಲ ಸ್ವಾಮಿ. ಬೆಕ್ಕು ಆಚೆ ಹೋಗದಿದ್ದರೇನು, ರೋಗ ಒಳಗೆ ಬರುತ್ತದೆ.

ಚಪ್ಪಲಿ ಹತ್ತಿ ಬರುವ ರೋಗ

ನಾಯಿಗೆ ಪಾರ್ವೋ ಅಂತ ಒಂದು ರೋಗ ಬರೋದು ಬಹಳ ಜನಕ್ಕೆ ಗೊತ್ತು. ಅದೇ ಜಾತಿಯ ವೈರಸ್ಸು ಬೆಕ್ಕಿಗೂ ಉಂಟು. ಡಾಕ್ಟರರು ಅದನ್ನು ಪ್ಯಾನ್‌ಲ್ಯೂಕೊಪೀನಿಯಾ ಅನ್ನುತ್ತಾರೆ. ಹೆಸರು ನಾಲಗೆಗೆ ತೊಡಕು, ಕೆಲಸ ಮಾತ್ರ ಚುರುಕು. ರೋಗ ತಗುಲಿದ ಬೆಕ್ಕಿನ ಮಲ, ವಾಂತಿಗಳಲ್ಲಿ ಇದು ಹೊರಬೀಳುತ್ತದೆ. ಅಲ್ಲಿಂದ ಚಪ್ಪಲಿಯ ಅಡಿ, ಗೋಣಿಚೀಲದ ತಳ, ಹಮಾಲರ ಕೈ, ಯಾವುದು ಸಿಕ್ಕರೆ ಅದನ್ನು ಹತ್ತಿ ಪ್ರಯಾಣ ಮಾಡುತ್ತದೆ. ನೆರಳಿನ ಜಾಗ ಸಿಕ್ಕರೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದ ತನಕ ಸಾಯದೆ ಕೂತಿರುತ್ತದೆ. ಫಿನಾಯಿಲಿಗೆ ಇದು ಜಗ್ಗುವುದಿಲ್ಲ. ಮೇಲಾಗಿ ಫಿನಾಯಿಲು ಬೆಕ್ಕಿಗೇ ವಿಷ. ಬ್ಲೀಚಿಂಗ್ ಪೌಡರಿನ ನೀರಿಗೆ ಮಾತ್ರ ಹೆದರುತ್ತದೆ.

ದಿನಕ್ಕೆ ನೂರು ಗಿರಾಕಿ ಬರುವ ಅಂಗಡಿಯಲ್ಲಿ ನೂರು ಜೊತೆ ಚಪ್ಪಲಿ ಬರುತ್ತವೆ. ಒಳಗೇ ಇರುವ ಬೆಕ್ಕು ಸುರಕ್ಷಿತ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಇನ್ನು ನಮ್ಮ ಕಡೆಯ ಮಾಳಿಗೆ ಮನೆಗಳ ಸಂಗತಿ ಕೇಳುವುದೇ ಬೇಡ. ಒಂದರ ಗೋಡೆಗೆ ಇನ್ನೊಂದರ ಗೋಡೆ. ಬೆದೆಗೆ ಬಂದ ಬೆಕ್ಕು ರಾತ್ರಿ ಮಾಳಿಗೆ ಹತ್ತಿ ಓಣಿ ಸುತ್ತಿ, ಬೆಳಿಗ್ಗೆ ಏನೂ ಅರಿಯದ ಹಾಗೆ ಒಲೆಯ ಪಕ್ಕ ಮಲಗಿರುತ್ತದೆ.

"ವಿಷ ಹಾಕ್ಯಾರ!"

ರೋಗ ಬಂದ ಬೆಕ್ಕಿನ ಲಕ್ಷಣ ಹೀಗೆ: ಜ್ವರ, ಅನ್ನ ಮುಟ್ಟದು, ವಾಂತಿ, ಭೇದಿ. ನೀರಿನ ಬಟ್ಟಲ ಮುಂದೆ ತಲೆ ಜೋತು ಕೂರುತ್ತದೆ, ಕುಡಿಯಲು ಆಗುವುದಿಲ್ಲ. ಎಳೆ ಮರಿಯಾದರೆ ಒಂದೆರಡು ದಿನದಲ್ಲೇ ಕಥೆ ಮುಗಿಯಬಹುದು. ಲಸಿಕೆಯೂ ಇಲ್ಲ, ಚಿಕಿತ್ಸೆಯೂ ಇಲ್ಲ ಅಂದರೆ ಹತ್ತು ಮರಿಗಳಲ್ಲಿ ಒಂಬತ್ತರ ತನಕ ಸಾಯುವುದುಂಟು.

ನಿನ್ನೆ ಮೂಟೆ ಮೇಲೆ ಕುಣಿಯುತ್ತಿದ್ದದ್ದು ಇವತ್ತು ವಾಂತಿ ಮಾಡಿಕೊಂಡು ಬಿದ್ದರೆ ಯಜಮಾನರ ಬಾಯಿಂದ ಬರುವ ಮೊದಲ ಮಾತು ಯಾವುದು? "ಯಾರೋ ವಿಷ ಹಾಕ್ಯಾರ!" ಯಾರು? ಪಕ್ಕದ ಅಂಗಡಿಯವನೇ, ಇನ್ಯಾರು! ಕಟ್ಟೆ ಜಾಗಕ್ಕೆ ಹಳೇ ತಕರಾರು ಬೇರೆ ಇದ್ದರೆ ಮುಗಿದೇಹೋಯಿತು. ಬಾಯಿಗೆ ಬಾಯಿ, ಮಾತಿಗೆ ಮಾತು, ಎರಡು ಮನೆಯವರು ವರ್ಷಾನುಗಟ್ಟಲೆ ಮುಖ ನೋಡುವುದಿಲ್ಲ. ವಿಷ ಹಾಕುವ ಪಾಪಿಗಳು ಇಲ್ಲವೆಂದಲ್ಲ, ಇಲಿಪಾಷಾಣ ತಿಂದ ಇಲಿಯನ್ನು ತಿಂದು ಸಾಯುವ ಬೆಕ್ಕೂ ಇವೆ. ಆದರೆ ಒಂದೇ ವಾರದಲ್ಲಿ ಓಣಿಯ ಮರಿಗಳೆಲ್ಲ ಸಾಲಾಗಿ ಸತ್ತರೆ ಪಕ್ಕದವನನ್ನು ಬೈಯುವ ಮೊದಲು ರೋಗದ ಅನುಮಾನ ಮಾಡಿ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಅನ್ನುವುದು ಗಾದೆ. ಇಲ್ಲಿ ಪ್ರಾಣಸಂಕಟ ಬೆಕ್ಕಿಗೆ, ಕೆಟ್ಟ ಹೆಸರು ನೆರೆಯವನಿಗೆ.

ಏಳು ಚಿರತೆ ಮರಿಗಳು

ಇದು ಸಣ್ಣ ರೋಗ ಅನ್ನುವವರು ಬನ್ನೇರುಘಟ್ಟದ ಸಂಗತಿ ನೆನಪಿಸಿಕೊಳ್ಳಲಿ. 2023ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದ ನಡುವೆ ಅಲ್ಲಿನ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಸತ್ತವು. ಕಾರಣ ಇದೇ ವೈರಸ್ಸು. ಡಾಕ್ಟರರು ಬಾಗಿಲಲ್ಲೇ ಇರುವ ಜಾಗದಲ್ಲಿ ಆ ಗತಿಯಾದರೆ ನಮ್ಮ ಅಟ್ಟದ ಮರಿಗಳ ಪಾಡೇನು? ಹುಲಿ, ಸಿಂಹಗಳಿರುವ ಇನ್ನೊಂದು ಉದ್ಯಾನ ನಮ್ಮ ಕಮಲಾಪುರದ ಹತ್ತಿರವೇ ಇದೆ, ಮರೆಯಬೇಡಿ.

"ಆ ಮರಿಗಳಿಗೆ ಲಸಿಕೆ ಆಗಿತ್ತಂತಲ್ಲ, ಮತ್ಯಾಕೆ ಸತ್ತವು?" ಅಂತ ತಿಳಿದವರು ಕೇಳಬಹುದು. ಲಸಿಕೆ ಆಗಿತ್ತೆಂದೇ ಅಧಿಕಾರಿಗಳು ಆಗ ಹೇಳಿದ್ದರು. ಲಸಿಕೆ ಎಂಬುದು ತಾಯಿತವಲ್ಲ. ತಾಯಿಹಾಲಿನ ಶಕ್ತಿ ಮೈಯಲ್ಲಿ ಇರುವ ತನಕ ಮರಿಗೆ ಹಾಕಿದ ಲಸಿಕೆ ಒಮ್ಮೊಮ್ಮೆ ನಾಟುವುದಿಲ್ಲ. ಆದ್ದರಿಂದಲೇ ಒಂದು ಸಲ ಚುಚ್ಚಿಸಿ ಕೈತೊಳೆದುಕೊಂಡರೆ ಸಾಲದು. ಆರರಿಂದ ಎಂಟು ವಾರಕ್ಕೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳು ತುಂಬುವ ತನಕ, ಮತ್ತೆ ವರ್ಷಕ್ಕೆ ಇನ್ನೊಂದು. ಮುಂದಿನದು ಡಾಕ್ಟರು ಹೇಳಿದ ಹಾಗೆ. ಬೆಕ್ಕಿನ ಕೆಟ್ಟ ನೆಗಡಿಯ ಎರಡು ವೈರಸ್ಸುಗಳಿಗೂ ಇದೇ ಸೂಜಿಯಲ್ಲಿ ಮದ್ದಿದೆ.

ಇನ್ನು ಮನುಷ್ಯರ ಲೆಕ್ಕ

ಬೆಕ್ಕಿನ ಪಾರ್ವೋ ಮನುಷ್ಯರಿಗೆ ಬರುವುದಿಲ್ಲ. ರೇಬೀಸ್ ಬರುತ್ತದೆ. ಹುಚ್ಚುನಾಯಿ ಅಂದರೆ ಬೆಚ್ಚುವ ನಾವು ಹುಚ್ಚುಬೆಕ್ಕಿನ ಮಾತೇ ಎತ್ತುವುದಿಲ್ಲ. ನಾಯಿ ಕಚ್ಚಿದ ಬೆಕ್ಕಿಗೆ ಆ ರೋಗ ಹತ್ತಿದರೆ ಅದು ಕತ್ತಲ ಮೂಲೆ ಸೇರುತ್ತದೆ, ಎತ್ತಿಕೊಳ್ಳಲು ಹೋದ ಮಗುವಿನ ಮೇಲೆ ಎರಗುತ್ತದೆ. ಲಕ್ಷಣ ಶುರುವಾದ ಮೇಲೆ ಬೆಕ್ಕಾಗಲಿ ಮನುಷ್ಯನಾಗಲಿ ಉಳಿಯುವುದಿಲ್ಲ ಅಂತಲೇ ತಿಳಿಯಬೇಕು. 2030ರೊಳಗೆ ನಾಯಿಯಿಂದ ಬರುವ ರೇಬೀಸಿಗೆ ಒಬ್ಬರೂ ಸಾಯಬಾರದು ಎಂದು ದೇಶ ಗುರಿ ಇಟ್ಟುಕೊಂಡಿದೆ. ಮನುಷ್ಯರ ರೇಬೀಸ್ ಪ್ರಕರಣವನ್ನು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಕರ್ನಾಟಕ 2022ರಲ್ಲಿ ಆದೇಶ ಮಾಡಿದೆ. ಗುರಿ, ಆದೇಶ ಎರಡೂ ಚಂದ. ಆದರೆ ಗಲ್ಲಾದ ಮೇಲೆ ಮಲಗಿದ ಬೆಕ್ಕು ಯಾರ ಲೆಕ್ಕದಲ್ಲೂ ಇಲ್ಲ.

ಹಂಪಿಗೆ ಬಂದ ಪ್ರವಾಸಿಗರು ಹೋಟೆಲಿನ ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಫೋಟೋ ಹೊಡೆಸಿಕೊಳ್ಳುತ್ತಾರೆ. ಅದು ಪರಚಿದರೆ ಯಾರು ಜವಾಬು? ಬೆಕ್ಕು ಪರಚಿ ರಕ್ತ ಬಂದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಇನ್ನೂ ಹೆದರುವವರಿದ್ದಾರೆ. ಆ ಹಳೇ ಮದ್ದು 2005ರ ಹೊತ್ತಿಗೇ ನಿಂತುಹೋಗಿದೆ. ಈಗಿನದು ತೋಳಿಗೆ, ಅದೂ ನಾಲ್ಕೈದು ಸಲ ಮಾತ್ರ.

ಮನೆಬಾಗಿಲಿಗೆ ಬರುವುದು ದನಕ್ಕೆ ಮಾತ್ರ

ಸರ್ಕಾರಿ ಪಶು ಆಸ್ಪತ್ರೆಗೆ ಜನ ಇಟ್ಟ ಹೆಸರು ದನದ ಆಸ್ಪತ್ರೆ. ತಪ್ಪೇನಿಲ್ಲ. ಕಾಲುಬಾಯಿ ಬೇನೆಗೆ 2019ರಿಂದ ರಾಷ್ಟ್ರೀಯ ಯೋಜನೆಯೇ ಇದೆ. ಕಿವಿಗೆ ಹನ್ನೆರಡು ಅಂಕಿಯ ಓಲೆ, ವರ್ಷಕ್ಕೆ ಎರಡು ಸಲ ಮನೆಬಾಗಿಲಿಗೆ ಲಸಿಕೆ. ಚರ್ಮಗಂಟು ರೋಗ ಬಂದಾಗಲೂ ಸಿಬ್ಬಂದಿ ಹಟ್ಟಿ ಹಟ್ಟಿ ತಿರುಗಿದರು. ರೈತನ ಎತ್ತು, ಎಮ್ಮೆ ಮೊದಲು ಉಳಿಯಬೇಕು, ಅದಕ್ಕೆ ಎರಡು ಮಾತಿಲ್ಲ. ಕಂಪ್ಲಿಯ ಕಬ್ಬಿನ ಗದ್ದೆಗೆ ಹೊರಟ ಡಾಕ್ಟರನ್ನು ಬೆಕ್ಕಿಗಾಗಿ ತಡೆಯಿರಿ ಅಂತ ಯಾರೂ ಕೇಳುತ್ತಿಲ್ಲ.

ಕೇಳುವುದು ಇಷ್ಟೇ: ತಿಂಗಳಿಗೆ ಒಂದು ದಿನ, ಒಂದು ಹೊತ್ತು. ಹೊಸಪೇಟೆ, ಕಂಪ್ಲಿ, ಸಂಡೂರು, ಹಂಪಿಯವರಿಗೆ ಕಮಲಾಪುರ, ಈ ನಾಲ್ಕು ಕಡೆ ಬೆಕ್ಕು ನಾಯಿಗಳ ಲಸಿಕೆಗೆ ಗೊತ್ತಾದ ದಿನ ಇರಲಿ, ಅದನ್ನು ಬಾಗಿಲ ಬೋರ್ಡಿನಲ್ಲಿ ಬರೆಯಲಿ. ಇದರಿಂದ ಇಲಾಖೆಗೂ ಉಳಿತಾಯ. ರೇಬೀಸ್ ಲಸಿಕೆ ಹತ್ತು ಪ್ರಾಣಿಗೆ ಆಗುವ ಸೀಸೆಯಲ್ಲೂ ಬರುತ್ತದೆ. ಒಂದು ಬೆಕ್ಕಿಗಾಗಿ ಮುಚ್ಚಳ ತೆಗೆದರೆ ಮಿಕ್ಕಿದ್ದು ಹಾಳು. ಅದಕ್ಕೇ "ನಾಳೆ ಬರ್ರಿ" ಎಂಬ ಉತ್ತರ. ಹತ್ತು ಜನ ಒಂದೇ ದಿನ ಬಂದರೆ ಸೀಸೆ ಬರಿದಾಗುತ್ತದೆ, ಜಗಳವೂ ಇಲ್ಲ. ಜುಲೈ 6 ಮತ್ತು ಸೆಪ್ಟೆಂಬರ್ 28ರ ಸುತ್ತ ರೇಬೀಸ್ ಶಿಬಿರ ಮಾಡುವ ರೂಢಿ ಇದ್ದೇ ಇದೆ. ಅದರ ಸುದ್ದಿ ನಾಯಿ ಸಾಕಿದವರಿಗೆ ಮುಟ್ಟುತ್ತದೆ, ಬೆಕ್ಕಿನವರಿಗೆ ಮುಟ್ಟುವುದಿಲ್ಲ.

2021ರಲ್ಲಿ ಜಿಲ್ಲೆ ಎರಡಾಗಿ ಹೊಸಪೇಟೆ, ಹಂಪಿ ವಿಜಯನಗರಕ್ಕೆ ಸೇರಿದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಗೋಣಿಚೀಲದ ಜೊತೆ ಬರುವ ವೈರಸ್ಸಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಎರಡೂ ಕಡೆಯ ಅಧಿಕಾರಿಗಳು ಮಾತಾಡಿಕೊಂಡು ಮಾಡಬೇಕಾದ ಕೆಲಸ ಇದು.

ಬುಟ್ಟಿ, ಬಸ್ಸು, ಬೆಕ್ಕು

ಯಜಮಾನರ ಪಾಲಿನ ಕೆಲಸವೂ ಇದೆ. ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬರುವ ವಿದ್ಯೆ ನಮಗೆ ಗೊತ್ತು, ಆಸ್ಪತ್ರೆಗೆ ಒಯ್ಯುವ ವಿದ್ಯೆ ಗೊತ್ತಿಲ್ಲ. ಮುಚ್ಚಳದ ಬುಟ್ಟಿ ಒಂದು ಸಾಕು. ನಾಲ್ಕು ದಿನ ಮೊದಲೇ ಹಳೇ ಬಟ್ಟೆ ಹಾಸಿ ಮನೆಯಲ್ಲಿಡಿ, ತಾನೇ ಹೋಗಿ ಮಲಗುತ್ತದೆ. ಹೊರಡುವ ದಿನ ಮುಚ್ಚಳಕ್ಕೆ ಹುರಿ ಕಟ್ಟಿ, ಮೇಲೆ ಟವಲು ಹೊದಿಸಿ. ಕಣ್ಣಿಗೆ ಏನೂ ಕಾಣದಿದ್ದರೆ ಗಲಾಟೆ ಕಡಿಮೆ. ಬಸ್ಸಿಗೆ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ನಮ್ಮ ಬಿಸಿಲು ಗೊತ್ತಲ್ಲ, ಬೆಳಗಿನ ಬಸ್ಸೇ ಹಿಡಿಯಿರಿ. ಕಂಡಕ್ಟರು ಟಿಕೆಟ್ ಅಂದರೆ ತಕರಾರು ಬೇಡ, ಕೊಟ್ಟುಬಿಡಿ. ಪಕ್ಕದ ಸೀಟಿನವರೂ "ಅಪಶಕುನ" ಅಂತ ಮುಖ ಸಿಂಡರಿಸಬಾರದು. ಅದು ಅಡ್ಡ ಬರುತ್ತಿಲ್ಲ, ನಿಮ್ಮ ಜೊತೆಗೇ ಬರುತ್ತಿದೆ!

ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ, ಆಮೇಲೆ ವರ್ಷಕ್ಕೊಮ್ಮೆ. ಇನ್ನೊಂದನ್ನು ಹೊರಗಿನ ಮೆಡಿಕಲ್ ಸ್ಟೋರಿನಿಂದ ತನ್ನಿ ಅಂದರೆ ಐಸಿನಲ್ಲಿಟ್ಟೇ ತನ್ನಿ, ಬಿಸಿಲಲ್ಲಿ ಕಾದ ಲಸಿಕೆ ಬರೀ ನೀರು. ಮೈ ಹುಷಾರಿಲ್ಲದ ಬೆಕ್ಕು, ಗಬ್ಬದ ಬೆಕ್ಕು ಆದರೆ ಮೊದಲೇ ಹೇಳಿ. ಲಸಿಕೆಯ ಮೇಲೆ ಒಂದು ದಿನ ಮಂಕಾದರೆ ಗಾಬರಿ ಬೇಡ. ಆದರೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ, ಬೆಕ್ಕಿಗೆ ಒಂದೇ ಮಾತ್ರೆ ಪ್ರಾಣ ತೆಗೆದೀತು. ಲಸಿಕೆಯ ಚೀಟಿ ಅಂಗಡಿ ಲೈಸೆನ್ಸಿನ ಜೊತೆ ಗಲ್ಲಾಪೆಟ್ಟಿಗೆಯಲ್ಲಿ ಭದ್ರವಾಗಿರಲಿ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಮಾಡಿದವಂತೆ. ಬೆಕ್ಕಿಗೆ ಲಸಿಕೆ ಹಾಕುವವರು ಯಾರು ಎಂದು ನಾವು ಸಭೆ ಮಾಡುವ ಅಗತ್ಯವಿಲ್ಲ. ಡಾಕ್ಟರಿದ್ದಾರೆ, ಆಸ್ಪತ್ರೆ ಇದೆ, ಬಸ್ಸಿದೆ. ದಿನ ಒಂದು ಗೊತ್ತಾಗಬೇಕು, ಅಷ್ಟೇ. ಎರಡೂ ಜಿಲ್ಲೆಯ ಪಶುಪಾಲನಾ ಇಲಾಖೆಯವರು ಇತ್ತ ಕಡೆ ಸ್ವಲ್ಪ ಗಮನ ಕೊಡುವರೇ?