‘ಅದು ಅವರ ಸಾಮಾನು’ ಅನ್ನೂದು ಬಿಡ್ರಿ

ಹೋದ ಶುಕ್ರವಾರ ಅರಿಷಿಣ ಕುಂಕುಮಕ್ಕ ಕರದಿದ್ರು ಅಂತ ನಮ್ಮ ವೈನಿ ಮನಿಗೆ ಹೋಗಿದ್ದೆ. ಪಡಸಾಲಿ ಮೂಲ್ಯಾಗ ಟೀವಿ ಬಾಜೂಕ ಒಂದು ಹಳೇ ಸನ್ಸುಯಿ ಆಂಪ್ಲಿಫೈಯರ್ ಅದ. ನಮ್ಮೆಲ್ಲಾರ ಮನ್ಯಾಗ ಇದ್ದ ಸನ್ಸುಯಿ ಟೀವಿ ನೆನಸ್ಕೋಬ್ಯಾಡ್ರಿ, ಇದು ಅದಕ್ಕೂ ಭಾಳ ಮೊದಲಿನ ಜಪಾನಿನ ಮಾಲು. ಅದರ ಮ್ಯಾಲೆ ಕ್ರೋಶಾದ ಬಿಳೇ ಹಾಸು, ಹಾಸಿನ ಮ್ಯಾಲೆ ಹೂದಾನಿ, ಹೂದಾನಿ ಬಾಜೂಕ ಮೊಮ್ಮಗ ಗೆದ್ದ ಕಪ್ಪು. ‘ಇದು ನಡೀತದೇನ್ರಿ ವೈನಿ?’ ಅಂತ ಕೇಳಿದೆ. ‘ಯಾರಿಗೆ ಗೊತ್ತವಾ, ಅದು ಅವರ ಸಾಮಾನು’ ಅಂದ್ರು. ಅಣ್ಣ ಹೋಗಿ ಮೂರು ವರ್ಷಾತು. ಇನ್ನೂ ಅದು ‘ಅವರ ಸಾಮಾನು’!

ಚಕ್ಕಲಿ ತಿಂದು ಬಂದೆ. ಆದ್ರ ಆ ಮಾತು ಗಂಟಲಾಗ ಸಿಕ್ಕೊಂಡದ. ಇವತ್ತು ಅದನ್ನ ಉಗುಳಿ ಬಿಡ್ತೀನಿ. ಯಾರಿಗರ ಸಿಟ್ಟು ಬಂದ್ರ ಬರ್ಲಿ.

ನಮ್ಮ ಅಪ್ಪನ ಕಡೆ ಇದ್ದದ್ದು ಮರಾಂಟ್ಜ್ 2230. ಕಾಕಾ ಅಮೇರಿಕಾದಾಗ ಓದ್ಲಿಕ್ಕೆ ಹೋದವರು 1974ರಾಗ ತಿರುಗಿ ಬರುವಾಗ ಹೊತಗೊಂಡು ಬಂದಿದ್ರು. ಅದು ರಿಸೀವರ್. ಅಂದ್ರ ಆಂಪ್ಲಿಫೈಯರಿನ ಹೊಟ್ಟ್ಯಾಗ ರೇಡಿಯೋನೂ ಇರೂದು. ಮಾರಿ ಮ್ಯಾಲೆ ಉದ್ದಕ ಗಾಜು, ದೀಪ ಹತ್ತಿದ್ರ ನೀಲಿ ಬೆಳಕು, ಸ್ಟೇಷನ್ ಹುಡುಕಲಿಕ್ಕೆ ಅಡ್ಡ ತಿರುಗೂ ಒಂದು ಗಾಲಿ. ಹೆಬ್ಬೆಟ್ಟಲೆ ಸುಮ್ನ ಒಮ್ಮೆ ದಬ್ಬಿದ್ರ ಸಾಕು, ಎಣ್ಣಿ ಹಚ್ಚಿಧಾಂಗ ಸರ್ರಂತ ಸರೀತಿತ್ತು. ಆ ಗಾಲಿ ತಿರುಗಿಸಲಿಕ್ಕೆ ನಾವು ಮಕ್ಕಳು ಬಡದಾಡತಿದ್ವಿ. ಅವ್ವ ಮಾತ್ರ ಅದನ್ನ ಮುಟ್ಟಿದ್ದು ಧೂಳ ಒರಸ್ಲಿಕ್ಕೆ ಅಷ್ಟ.

ಯಾಕಂದ್ರ ಅಪ್ಪ ಹೇಳಿದ್ದು ಒಂದ ಮಾತು: ‘ಇದು ನೂರಾ ಹತ್ತರದ್ದು, ನೀನು ಸುಟ್ಟು ಗಿಟ್ಟೀ.’ ಖರೇನ, ಅಮೇರಿಕಾದ ಮಷೀನು ಅಲ್ಲಿನ 120 ವೋಲ್ಟಿಗೆ ಮಾಡಿದ್ದು, ನಮ್ಮ ಗ್ವಾಡಿ ಪ್ಲಗ್ಗಿನಾಗ 230. ಸೀದಾ ಚುಚ್ಚಿದ್ರ ಸುಟ್ಟು ಹೋಗತದ. ಅದಕ್ಕ ನಡುವ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಡಬ್ಬಿ ಬೇಕು. ಇಷ್ಟ ಸಂಗ್ತಿ. ಮಿಕ್ಸರ್ ಜಾರ್ ಸರಿಯಾಗಿ ಕೂತದೋ ಇಲ್ಲೋ ಅಂತ ನೋಡೂದಕ್ಕಿಂತ ಕಷ್ಟ ಏನಿಲ್ಲ. ಪ್ರೆಶರ್ ಕುಕ್ಕರು, ಸ್ಟೋವ್, ಗ್ಯಾಸ್ ಸಿಲಿಂಡರು ಎಲ್ಲಾ ಅವ್ವನ ಕೈಯಾಗ ಕೊಟ್ಟವರು ಈ ಒಂದು ಡಬ್ಬಿ ಪ್ಲಗ್ ಹಾಕೂದು ಮೂವತ್ತೈದು ವರ್ಷ ಕಲಿಸಲಿಲ್ಲ. ಅವ್ವನೂ ಕೇಳಲಿಲ್ಲ. ಅಪ್ಪ ಕೆಟ್ಟವರಲ್ಲ, ಅದನ್ನೂ ಹೇಳಿಬಿಡ್ತೀನಿ. ಅವರ ಕಾಲದಾಗ ಯಾವ ಮನ್ಯಾಗೂ ಹಿಂಗ ನಡೀತಿತ್ತು.

ರವಿವಾರ ಮುಂಜಾನೆ ಮಲ್ಲಿಕಾರ್ಜುನ ಮನ್ಸೂರರ ರಿಕಾರ್ಡ್, ಗಂಗೂಬಾಯಿಯವರ ರಿಕಾರ್ಡ್. ಅಪ್ಪ ಎರಡೂ ಸ್ಪೀಕರಿನ ನಡುವ ಬೆತ್ತದ ಖುರ್ಚಿ ಹಾಕ್ಕೊಂಡು ಕಣ್ಣು ಮುಚ್ಚಿ ಕೂಡತಿದ್ರು. ಸ್ಟೀರಿಯೋ ಅಂದ್ರ ಅದ ನೋಡ್ರಿ, ಬಲಕ್ಕ ಒಂದು ಎಡಕ್ಕ ಒಂದು, ಕೇಳಾವರು ಮೂರನೇ ಮೂಲಿಗೆ. ಅಲ್ಲಿ ಕೂತ್ರ ಹಾಡಾವರು ನಡುವ, ಎದುರಿಗೆ, ಖಾಲಿ ಗ್ವಾಡಿ ಮುಂದ ಕೂತಾರ ಅನಸ್ತದ. ಅಡಗಿಮನ್ಯಾಗ ನಿಂತ್ರ ಅದೆಲ್ಲಾ ಬರೇ ಸಪ್ಪಳ. ಅವ್ವ ಒಗ್ಗರಣಿ ಚಟಪಟದ ನಡುವ, ಬಾಗಲಾ ದಾಟಿ ಬಂದಷ್ಟು ಕೇಳಿದಳು. ಲಗ್ನದಕ್ಕಿಂತ ಮೊದಲ ನಾಕು ವರ್ಷ ಸಂಗೀತ ಕಲತಾಕಿ ಆಕಿ. ಅಪ್ಪ ಕಲತವರಲ್ಲ.

2009ರಾಗ ಅಪ್ಪ ತೀರಿಕೊಂಡ್ರು. ಹನ್ನೊಂದು ವರ್ಷ ಮರಾಂಟ್ಜ್ ಮುಚಗೊಂಡು ಕೂತಿತ್ತು. ಆಮ್ಯಾಲೆ ಬೆಂಗಳೂರಿಂದ ಒಬ್ಬ ಹುಡುಗ ಬಂದ, ಹಳೇ ಆಡಿಯೋ ಸಾಮಾನು ಕೂಡಿಸೋ ಹುಚ್ಚಿನವ. ಪ್ಲಗ್ ಹಾಕಿ ನೋಡಿದ. ಗಾಜು ಕಪ್ಪಗ ಇತ್ತು. ‘ಲೈಟ ಬರೂದಿಲ್ಲ ಆಂಟಿ, ಒಳಗೆಲ್ಲಾ ಹೋಗಿರ್ತದ. ಸಾವಿರದ ಐನೂರು ಕೊಡ್ತೀನಿ’ ಅಂದ. ನಾನೇ ಹ್ಞೂಂ ಅಂದೆ. ಅವ್ವನ ಕೇಳಲೂ ಇಲ್ಲ. ಕಟ್ಟಿ ಇಳಿಸಲಿಕ್ಕೆ ಕೈಯೂ ಹಚ್ಚಿದೆ. ಏನ್ ಭಾರ ಅಂತೀರಿ! ಆ ಭಾರದ ಅರ್ಥ ಒಳಗ ಕಬ್ಬಿಣ ತಾಮ್ರದ ಎಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಅದ ಅಂತ, ನನಗ ಆಗ ಗೊತ್ತಿರಲಿಲ್ಲ. ಇನ್ನೊಂದೂ ಗೊತ್ತಿರಲಿಲ್ಲ. ಆ ಗಾಜಿನ ಹಿಂದಿನ ಸಣ್ಣ ಸಣ್ಣ ಬಲ್ಬ್ ಹೋಗೂದಕ್ಕೂ ಮಷೀನು ಸಾಯೂದಕ್ಕೂ ಏನೂ ಸಂಬಂಧ ಇಲ್ಲ. ಫ್ರಿಜ್ಜಿನ ಒಳಗಿನ ದೀಪ ಹೋದ್ರ ಫ್ರಿಜ್ ತೂಕಕ್ಕ ಹಾಕ್ತೀವೇನು?

ಅಂವ ಹೋದ ಮರುದಿನ ಅವ್ವ ಖಾಲಿ ಜಾಗಾ ಒರಸ್ಕೋತ ಅಂದಳು, ‘ನಿಮ್ಮಪ್ಪ ಆ ಖುರ್ಚಿ ಮ್ಯಾಲೆ ಕೂತು ಏನು ಕೇಳತಿದ್ರೋ, ಒಮ್ಮೆರ ಕೂತು ನೋಡಬೇಕಿತ್ತು.’

ನಾ ಏನು ಹೇಳ್ಲಿ.

ಅವತ್ತಿನಿಂದ ಇದರ ಬೆನ್ನು ಹತ್ತೇನಿ. ಗಂಡಸರು ಕೂತು ಮಾತಾಡೂದು ಕೇಳೇನಿ, ಓದೇನಿ. ಯಾವುದು ಶ್ರೇಷ್ಠ ಅಂತ ಅವರ ಜಗಳ ಮುಗಿಯೂದಿಲ್ಲ. ಮರಾಂಟ್ಜ್ 2270 ಅಂತ ಒಬ್ಬ, ಸನ್ಸುಯಿ ಎಯು-717 ಅಂತ ಮತ್ತೊಬ್ಬ, ಪಯೋನಿಯರ್ ಎಸ್‌ಎಕ್ಸ್-1980 ಅಂತ ಇನ್ನೊಬ್ಬ. ಆ ಪಯೋನಿಯರ್ 1978ರದ್ದು, ಒಂದೊಂದು ಬದಿಗೆ 270 ವ್ಯಾಟು, ತೂಕ 35 ಕಿಲೋ. ಜಪಾನಿನ ಕಂಪನಿಗಳು ಆಗ ನಾ ಹೆಚ್ಚು ನೀ ಹೆಚ್ಚು ಅಂತ ವ್ಯಾಟಿನ ಜಿದ್ದಿಗೆ ಬಿದ್ದಿದ್ವು. ಒಂದು ಮಾತು ಅವರ ಪರವಾಗಿ ಹೇಳಬೇಕು, ಆ ಅಂಕಿ ಸುಳ್ಳಲ್ಲ. ಅಮೇರಿಕಾ ಸರಕಾರ 1974ರಾಗ ಕಾಯ್ದೆ ಮಾಡಿತ್ತು. ಜಾಹೀರಾತಿನ್ಯಾಗ ವ್ಯಾಟ್ ಹಾಕೂದಿದ್ರ ಎರಡೂ ಬದಿ ಒಟ್ಟಿಗೆ ನಡೀವಾಗ, ಬಿಡದ ಕೊಡೂ ವ್ಯಾಟನ್ನ ಅಳದು ಹಾಕಬೇಕು, ಒಂದು ಕ್ಷಣ ಮಿಂಚಿ ಹೋಗೂದಲ್ಲ ಅಂತ. ನಮ್ಮ ಪ್ಯಾಟ್ಯಾಗ ಆಮ್ಯಾಲೆ ಅಂಗೈ ಅಗಲದ ಡಬ್ಬಿ ಮ್ಯಾಲೆ ‘2000 ವ್ಯಾಟ್ ಪಿಎಂಪಿಓ’ ಅಂತ ಚೀಟಿ ಹಚ್ಚಿ ಮಾರಿದ್ರಲ್ಲ, ಅದಕ್ಕೂ ಇದಕ್ಕೂ ಹೋಲಿಕಿ ಬ್ಯಾಡ. ಮರಾಂಟ್ಜಿನ ಅಪ್ಪನ ನಂಬರು 2230, ಅದರ ಕೊನೇ ಎರಡು ಅಂಕಿನ ಅದರ ವ್ಯಾಟು, ಒಂದೊಂದು ಬದಿಗೆ 30.

ಆದ್ರ 270 ಯಾರಿಗೆ ಬೇಕಾಗೇದ? ಲೆಕ್ಕ ನೋಡ್ರಿ. ಕಿವಿಗೆ ಸಪ್ಪಳ ಎರಡಪಟ್ಟು ಆತು ಅನಸಬೇಕಂದ್ರ ಸುಮಾರು ಹತ್ತಪಟ್ಟು ವ್ಯಾಟ್ ಬೇಕು. ಅಂದ್ರ 30 ಮತ್ತ 270ರ ನಡುವಿನ ಅಂತರ, ಎರಡೂ ಪೂರಾ ಒದರಿಸಿದಾಗ, ಬರೋಬ್ಬರಿ ಎರಡಪಟ್ಟೂ ಆಗೂದಿಲ್ಲ. ಮನ್ಯಾಗ ಮಾತಾಡಿದಷ್ಟ ಸಪ್ಪಳಕ್ಕ ಕೇಳಿದ್ರ ಒಂದು ವ್ಯಾಟಿನ ಆಸುಪಾಸಿನ್ಯಾಗ ಎಲ್ಲಾ ಮುಗೀತದ. 1978ರ ಹೊತ್ತಿಗೆ ಬಂದ ನ್ಯಾಡ್ 3020 ಅಂತ ಒಂದದ, ಬರೇ 20 ವ್ಯಾಟು, ಮಾರಿ ನೋಡಿದ್ರ ಕಸದ ಬಣ್ಣ, ಅಗ್ಗ. ಇವತ್ತಿಗೂ ಜನ ಹುಡುಕಿ ಹುಡುಕಿ ಕೊಳ್ಳತಾರ. ಹಂಗಾರ ಮೂವತ್ತೈದು ಕಿಲೋ ಹೊತ್ತು ತರೂದು ಸಂಗೀತಕ್ಕಲ್ಲ, ಮೀಸಿಗೆ.

ಮತ್ತ ಇವರ ನಡುವ ಒಂದು ಮಾತು ಅದ, ‘ವೈಫ್ ಆಕ್ಸೆಪ್ಟನ್ಸ್ ಫ್ಯಾಕ್ಟರ್’. ದೊಡ್ಡ ಸ್ಪೀಕರ್, ದೊಡ್ಡ ಆಂಪ್ಲಿಫೈಯರ್ ತಂದ್ರ ಹೆಂಡತಿ ಎಷ್ಟು ಸಹಿಸ್ಕೋತಾಳ ಅನ್ನೋ ಅಳತಿ. ಅಮೇರಿಕಾದಾಗ ಹುಟ್ಟಿದ ಮಾತು, ನಮ್ಮಲ್ಲಿನ ಹುಡುಗರೂ ನಕ್ಕೋತ ಹೇಳ್ತಾರ. ಅವರ ಕಣ್ಣಾಗ ನಾವು ಕಿವಿ ಇದ್ದವರಲ್ಲ, ಬರೇ ಮೂಗು ಮುರಿಯಾವರು. ಸಂಗೀತ ಅವರಿಗೆ, ಪೀಠೋಪಕರಣ ನಮಗ. ಧಾರವಾಡ-ಹುಬ್ಬಳ್ಳ್ಯಾಗ, ಗಂಗೂಬಾಯಿ ಹಾಡಿದ ಊರಾಗ ನಿಂತು ಈ ಮಾತು ಹೇಳ್ಲಿಕ್ಕೆ ನಾಚಿಕಿ ಬರಬೇಕು.

ಆದ್ರ ವೈನಿ, ಮೌಶಿ, ಬಾಜೂ ಮನಿ ಅಕ್ಕಾ, ಈ ಮಾತಿಗೆ ಇಂಬು ಕೊಟ್ಟವರು ನಾವೂ ಹೌದು. ‘ನಮಗ್ಯಾಕ ಬೇಕ್ರಿ ಅದು’ ಅಂದು ಕೈ ಝಾಡಿಸಿಕೊಂಡವರು ನಾವ. ಗಂಡ ಇರೂತನಾ ಹೂದಾನಿ ಇಡೂ ಜಾಗಾ ಮಾಡಿದ್ವಿ, ಹೋದ ಮ್ಯಾಲೆ ಗುಜರಿಯವಂಗ ಕಿಲೋ ಲೆಕ್ಕಕ್ಕ ಕೊಟ್ವಿ. ಅದರಾಗೂ ಆ ಕ್ರೋಶಾದ ಹಾಸು! ಇಲ್ಲಿ ಗಂಡಸರು ಬೈದದ್ದು ಸರಿ ಅದ, ಒಪ್ಪಕೋರಿ. ಮ್ಯಾಲಿನ ತೂತು ಬಿಸಿ ಹೊರಗ ಹೋಗ್ಲಿಕ್ಕೆ ಇರೂವು. ಮುಚ್ಚಿದ್ರ ಒಳಗ ಬೆಂದು ಹೋಗತದ. ಹೂದಾನಿ ನೀರು ಚೆಲ್ಲಿತಂದ್ರಂತೂ ಮುಗೀತು.

ಹಳೇದಂದ್ರ ಎಲ್ಲಾ ಬಂಗಾರ ಅಂತ ನಾ ಹೇಳೂದಿಲ್ಲ. ಈಗಿನ ಛಲೋ ಆಂಪ್ಲಿಫೈಯರ್ ಹಳೇದಕ್ಕಿಂತ ಸುದ್ದ ಇರ್ತದ, ಕಡಿಮಿ ಅಲ್ಲ. ಹಳೇದರ ‘ಬಿಸಿ ಬಿಸಿ ಧ್ವನಿ’ ಅಂತ ಕಣ್ಣು ಮುಚ್ಚಿ ವರ್ಣಿಸೂದು ನನಗ ಅರ್ಧ ನಂಬಿಕಿ ಬರೂದಿಲ್ಲ. ಕೂಡಿಸಾವರು ಕೇಳೂ ರೇಟಿಗೆ ಹೊಸದಾಗಿ ಕೊಳ್ಳಲಿಕ್ಕೂ ಹೋಗಬ್ಯಾಡ್ರಿ. ನಾ ಹೇಳೂದು ಮನ್ಯಾಗ ಈಗಾಗಲೇ ಕೂತದ್ದರ ಬಗ್ಗೆ. ಅದರ ದೊಡ್ಡ ಗುಣ ಅಂದ್ರ ಬಿಚ್ಚಿ ರಿಪೇರಿ ಮಾಡಬಹುದು. ಒಳಗಿನ ಒಂದೊಂದು ಭಾಗ ಕಣ್ಣಿಗೆ ಕಾಣೂವಷ್ಟು ದೊಡ್ಡದು, ಬೆಸಿಗಿ ಬಿಚ್ಚಿ ಬ್ಯಾರೇದು ಹಾಕಬಹುದು. ವಯಸ್ಸಾದ ಮ್ಯಾಲೆ ಕೆಡೂವು ಹೆಚ್ಚಾಗಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅವು ಒಣಗತಾವ. ಗುಬ್ಬಿ ತಿರುಗಿಸಿದ್ರ ಕರಕರ ಅನ್ನೂದು ಧೂಳು ಮತ್ತ ಕಿಲುಬಿಂದ, ಕಾಂಟ್ಯಾಕ್ಟ್ ಕ್ಲೀನರ್ ಹೊಡದ್ರ ಎಷ್ಟೋ ಸಲ ಹೋಗತದ. ಭಾಳ ವರ್ಷ ಮಲಗಿದ್ದನ್ನ ಒಮ್ಮೆಲೇ ಸ್ವಿಚ್ ಹಾಕಬ್ಯಾಡ್ರಿ. ತಿಳದ ಮೆಕ್ಯಾನಿಕ್ ಆದ್ರ ಹಳೇ ತಂತಿ ಬಲ್ಬ್ ಒಂದನ್ನ ಲೈನಿನ್ಯಾಗ ಕೂಡಿಸಿ ಮೊದಲ ಪರೀಕ್ಷಾ ಮಾಡ್ತಾನ. ಒಳಗ ಶಾರ್ಟ್ ಇದ್ರ ಬಲ್ಬ್ ಧಗ್ಗಂತ ಹತ್ತತದ, ಮಷೀನು ಉಳೀತದ. ಇಷ್ಟು ಕೇಳ್ರಿ ಅಂವಂಗ, ‘ಬಲ್ಬ್ ಹಚ್ಚಿ ನೋಡ್ತೀಯೇನಪಾ’ ಅಂತ. ಕಣ್ಣು ಕಣ್ಣು ಬಿಟ್ರ ಮತ್ತೊಬ್ಬನ್ನ ಹುಡುಕ್ರಿ. ನೀವಾಗೇ ಮುಚ್ಚಳ ಮಾತ್ರ ತಗೀಬ್ಯಾಡ್ರಿ. ಪ್ಲಗ್ ಕಿತ್ತ ಮ್ಯಾಲೂ ಒಳಗ ಕರೆಂಟ್ ಕೂತಿರ್ತದ.

ನನಗ ಎಲ್ಲಾದಕ್ಕಿಂತ ಸೇರಿದ್ದು ಒಂದು ಬಟನ್. ‘ಲೌಡ್‌ನೆಸ್’ ಅಂತ ಬರದಿರ್ತದ. ಹೆಸರು ನೋಡಿ ಒದರಸೋ ಬಟನ್ ಅಂತ ತಿಳೀತೀವಿ, ಅದರ ಕೆಲಸ ಪೂರಾ ಉಲ್ಟಾ. ಸಪ್ಪಳ ಸಣ್ಣದು ಮಾಡಿದಾಗ ನಮ್ಮ ಕಿವಿಗೆ ಕೆಳಗಿನ ಸ್ವರ ಹೆಚ್ಚು ಕಡಿಮಿ ಆಗಿ ಕೇಳ್ತಾವ. ತಬಲಾದ ಡಗ್ಗಾ, ತಂಬೂರಿ ಖರ್ಜ ಮೊದಲ ಮಾಯ ಆಗತಾವ. 1933ರಾಗ ಫ್ಲೆಚರ್ ಮತ್ತ ಮನ್ಸನ್ ಅಂತ ಇಬ್ಬರು ಇದನ್ನ ಅಳದು ತೋರಿಸಿದ್ರು. ಆ ಬಟನ್ ಒತ್ತಿದ್ರ ಸಣ್ಣ ಸಪ್ಪಳದಾಗೂ ಆ ಖರ್ಜ ತಿರುಗಿ ಬರ್ತದ. ಶುದ್ಧ ಧ್ವನಿ ಬೇಕು ಅನ್ನೋ ಗಂಡಸರು ಅದನ್ನ ಮುಟ್ಟಿದ್ರ ಮೈಲಿಗಿ ಅಂಧಂಗ ಮಾತಾಡ್ತಾರ. ಮಾತಾಡ್ಲಿ ಬಿಡ್ರಿ. ಮಧ್ಯಾಹ್ನ ಕೂಸು ಮಲಗಿದ ಹೊತ್ತಿನ್ಯಾಗ, ಅತ್ತಿಯವರು ಮಗ್ಗಲಾದಾಗ, ಸಣ್ಣಗ ಹಚ್ಚಿ ಕೇಳಾವರು ಯಾರು? ಆ ಬಟನ್ ನಮಗ ಅಂತನ ಮಾಡಿಧಂಗ ಅದ.

ಇನ್ನೊಂದು ಮಾತು. ಮರಾಂಟ್ಜ್ ಅನ್ನೂದು ಮೂಲದಾಗ ಒಬ್ಬ ಮನಶ್ಯಾನ ಹೆಸರು. ಸೌಲ್ ಮರಾಂಟ್ಜ್ 1950ರ ದಶಕದ ಸುರುವಿಗೆ ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್ ಅನ್ನೋ ಕಡೆ ತನ್ನ ಮನ್ಯಾಗ ಕೂತು ಮೊದಲನೇದ್ದು ಮಾಡಿದ. ಕಂಪನಿ ಕೈ ಬದಲಾಗಿ ಜಪಾನಿಗೆ ಹೋದದ್ದು ಆಮ್ಯಾಲೆ. ಮನ್ಯಾಗ ಹುಟ್ಟಿದ ಸಾಮಾನು, ಮನಿಯಾಕಿಗೆ ಮಾತ್ರ ಪರಕೀಯ ಆತು.

ರಿಕಾರ್ಡ್ ಇಲ್ಲ ಅಂತ ಚಿಂತಿ ಬ್ಯಾಡ. ಹಿಂದ ‘ಆಕ್ಸ್’ ಅಂತ ಎರಡು ತೂತು ಇರ್ತಾವ, ಒಂದು ತುದಿ ಫೋನಿಗೆ ಇನ್ನೊಂದು ತುದಿ ಅಲ್ಲಿಗೆ ಹಾಕೋ ವಾಯರ್ ಸಿಗತದ. ರಿಸೀವರ್ ಇದ್ದ್ರ ಅದೂ ಬ್ಯಾಡ, ಎಎಂ ಪಟ್ಟಿ ಮ್ಯಾಲೆ 765ಕ್ಕ ಮುಳ್ಳು ತಂದ್ರ ಧಾರವಾಡ ಆಕಾಶವಾಣಿ.

ವೈನಿ, ನೀವು ಇದನ್ನ ಓದ್ತೀರಿ ಅಂತ ಗೊತ್ತದ, ಸಿಟ್ಟು ಮಾಡ್ಕೋಬ್ಯಾಡ್ರಿ. ಹೂದಾನಿ, ಕಪ್ಪು, ಹಾಸು ಇವತ್ತ ತಗೀರಿ. ಪ್ಲಗ್ ಹಾಕಬ್ಯಾಡ್ರಿ. ಮಷೀನಿನ ಬೆನ್ನಿಗೆ ಎಷ್ಟು ವೋಲ್ಟು ಅಂತ ಬರದಿರ್ತದ, ಟಾರ್ಚ್ ಹಿಡದು ಓದಿ ನನಗ ಫೋನ್ ಮಾಡ್ರಿ. 120 ಇದ್ರ ಸ್ಟೆಪ್ ಡೌನ್ ಡಬ್ಬಿ ನಮ್ಮ ಅವ್ವನ ಮಂಚದ ಕೆಳಗ ಅದ, ಆ ಹುಡುಗ ಅದನ್ನ ಒಯ್ಯದ ಬಿಟ್ಟು ಹೋದ. ಬುಧವಾರ ಮೆಕ್ಯಾನಿಕ್ ಜೋಡಿ ಬರ್ತೀನಿ, ಅವ್ವನೂ ಬರ್ತಾಳ. ನಡುವ ಎರಡು ಖುರ್ಚಿ ಹಾಕಿಡ್ರಿ, ಒಂದು ನಿಮಗ ಒಂದು ಅವ್ವಗ. ಚಹಾದ ಕೆಲಸ ನಾ ನೋಡ್ಕೋತೀನಿ.